ಸಿರುಗುಪ್ಪದ ಬಸ್ಸು ಹತ್ತಿದ ಕೊರಿಯಾ ಕೋಳಿ

ಹರಕೆ ಹೊರುವಾಗ ನಾವು ದೇವರ ಹತ್ತಿರ ಬಹಳ ಉದಾರವಾಗಿ ಮಾತಾಡುತ್ತೇವೆ. ಅದನ್ನು ಬಿಡುತ್ತೇನೆ, ಇದನ್ನು ಮುಟ್ಟುವುದಿಲ್ಲ ಎನ್ನುತ್ತೇವೆ. ಬಿಟ್ಟದ್ದು ಏನು ಎಂಬುದು ಅರ್ಥವಾಗುವುದು ದೇವರು ತನ್ನ ಪಾಲಿನ ಕೆಲಸ ಮುಗಿಸಿದ ಮೇಲೆ. ನನ್ನ ಮಗಳು ವಿದ್ಯಾಳನ್ನು ಸಿರುಗುಪ್ಪಕ್ಕೆ ಕೊಟ್ಟು ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ಕುರುಗೋಡಿನ ದೊಡ್ಡ ಬಸವಣ್ಣನ ಮುಂದೆ ನಿಂತು, ‘ಅವಳ ಮಡಿಲು ತುಂಬಿಸಪ್ಪಾ, ಕೂಸು ತೊಟ್ಟಿಲಿಗೆ ಬರುವ ತನಕ ನಾನು ಮಾಂಸವನ್ನು ನಾಲಿಗೆಗೆ ತಾಗಿಸುವುದಿಲ್ಲ’ ಎಂದು ಬೇಡಿಕೊಂಡೆ. ಅಷ್ಟು ದೊಡ್ಡ ಬಸವಣ್ಣ, ಅದಕ್ಕೆ ತಕ್ಕಂತೆ ಅಷ್ಟು ದೊಡ್ಡ ಕಿವಿ. ಕೇಳಿಸದೆ ಇರುತ್ತದೆಯೇ? ವರ್ಷ ತುಂಬುವುದರೊಳಗೆ ಮಗಳು ಬಸುರಿಯಾದಳು. ನಮ್ಮದು ಭಾನುವಾರ ಬಂದರೆ ಕೋಳಿ ಬೇಯುವ ಮನೆ. ಹಿತ್ತಲಿನಲ್ಲಿ ಅದಕ್ಕೆಂದೇ ಬೇರೆ ಒಲೆ, ಬೇರೆ ಪಾತ್ರೆ. ಯಜಮಾನರಿಗೆ ಅಲ್ಲಿ ಬೇಯಿಸಿ ಬಡಿಸಿ, ನಾನು ಒಳಗೆ ಬಂದು ಬೇಳೆಸಾರು ಉಣ್ಣುತ್ತಿದ್ದೆ. ಕಷ್ಟವೇನೂ ಆಗಲಿಲ್ಲ. ಮೂವತ್ತು ವರ್ಷದಿಂದ ಮಾಡಿದ ಕೋಳಿಸಾರು, ರುಚಿ ನೋಡದಿದ್ದರೂ ಉಪ್ಪು ಎಷ್ಟೆಂದು ಕೈಗೇ ಗೊತ್ತು.

ಕಷ್ಟ ಬಂದದ್ದು ಫೋನಿನಲ್ಲಿ. ವಿದ್ಯಾಳಿಗೆ ಮೂರು ತಿಂಗಳು ತುಂಬಿದರೂ ವಾಂತಿ ನಿಲ್ಲಲಿಲ್ಲ. ರೊಟ್ಟಿ ಕಂಡರೆ ವಾಂತಿ, ಅನ್ನ ಕುದಿಯುವ ವಾಸನೆಗೆ ವಾಂತಿ. ಅವಳ ಮನೆಯಾದರೂ ಅಕ್ಕಿ ಗಿರಣಿಯ ಹಿಂದಿನ ಬೀದಿಯಲ್ಲಿ. ಊರಿಗೆ ಊರೇ ಅಕ್ಕಿ. ತೂಕ ಏರುವ ಕಾಲದಲ್ಲಿ ಇಳಿಯುತ್ತಿದೆ ಎಂದು ಡಾಕ್ಟರಮ್ಮ ಗದರಿಸಿ, ‘ಏನಾದ್ರೂ ತಿನ್ನಲಿ, ಹೊಟ್ಟೆಯಲ್ಲಿ ನಿಂತರೆ ಸಾಕು’ ಎಂದು ಹೇಳಿ ಕಳಿಸಿದ್ದರು. ಪಾಪ, ಹುಡುಗಿ ಹಾಸಿಗೆಯಲ್ಲಿ ಬಿದ್ದುಕೊಂಡು ಫೋನಿನಲ್ಲಿ ಕೊರಿಯಾದ ಧಾರಾವಾಹಿಗಳನ್ನು ನೋಡುತ್ತಿದ್ದಳು. ಒಂದು ಮಧ್ಯಾಹ್ನ ಅವಳೇ ಫೋನ್ ಮಾಡಿದಳು.

“ಅವ್ವಾ, ನನಗ ಒಂದು ತಿನ್ನಬೇಕು ಅನ್ಸೈತಿ.”

ನನಗೆ ಎದ್ದು ಕುಣಿಯುವಂತಾಯಿತು. “ಏನ್ ಹೇಳವ್ವ. ಹುಣಸೀಕಾಯೇನು? ಮಾವಿನಕಾಯೇನು?”

“ಅದಲ್ಲ. ಕೊರಿಯನ್ ಫ್ರೈಡ್ ಚಿಕನ್.”

“ಯಾವ ಊರಿಂದು?”

“ಊರಲ್ಲವ್ವಾ, ದೇಶ! ಅಲ್ಲಿ ಹುಡುಗ್ಯಾರು ಕಡಿದ್ರ ಕರಂ ಕರಂ ಅಂತೈತಿ. ಆ ಸಪ್ಪಳ ಕೇಳಿದ್ರ ನನಗ ಹಸಿವಿ ಆಗ್ತೈತಿ.”

ಬಸುರಿಯ ಬಯಕೆಯ ಅಡಿಗೆ ತವರಿನ ಒಲೆಯಿಂದ ಹೋಗಬೇಕು, ಇದು ನಮ್ಮಲ್ಲಿಯ ಪದ್ಧತಿ. ಹೋಟೆಲಿನದು ನಡೆಯುವುದಿಲ್ಲ, ಗಂಡನ ಮನೆಯಲ್ಲಿ ಮಾಡಿದರೆ ತವರಿಗೆ ಶೋಭೆಯಲ್ಲ. ಅದರಲ್ಲೂ ನನ್ನ ಬೀಗತಿ ಹಂಪಮ್ಮನವರ ಬಾಯಿ ಸಣ್ಣದಲ್ಲ. ಮದುವೆಯಲ್ಲಿ ನಮ್ಮ ಹೋಳಿಗೆಯನ್ನು ಎತ್ತಿ ಹಿಡಿದು, ‘ಇದನ್ನ ಮುರಿಯಾಕ ಗಂಡಿನ ಕಡಿಯಿಂದ ಎಷ್ಟು ಮಂದಿ ಬೇಕ್ರೀ?’ ಎಂದು ಕೇಳಿದವರು. ಹಾಗಾಗಿ ಕೊರಿಯಾದ್ದಾಗಲಿ, ಎಲ್ಲಿಯದಾಗಲಿ, ನಾನೇ ಮಾಡುವುದು ಎಂದು ನಿಶ್ಚಯಿಸಿದೆ.

ದಿನ ಹುಡುಕುವುದೇ ಒಂದು ಕೆಲಸವಾಯಿತು. ಸೋಮವಾರ ಶಿವನದು, ಮಂಗಳವಾರ ಶುಕ್ರವಾರ ಅಮ್ಮನವರದು, ಗುರುವಾರ ಮಠದ್ದು, ಶನಿವಾರ ಹನುಮಪ್ಪನದು. ಭಾನುವಾರ ಅಮಾವಾಸ್ಯೆ ಬಂದು ಕುಳಿತಿತ್ತು. ಬುಧವಾರಕ್ಕೆ ಯಾವ ದೇವರ ತಕರಾರೂ ಇರಲಿಲ್ಲ. ವಿಡಿಯೋದಲ್ಲಿ ಮಾಡುವ ಕ್ರಮ ನೋಡಿಕೊಂಡೆ. ಕೋಳಿ ತುಂಡುಗಳಿಗೆ ಶುಂಠಿ, ಬೆಳ್ಳುಳ್ಳಿ, ಮೆಣಸಿನಪುಡಿ ಹಚ್ಚಿ ಇಡಬೇಕು. ಕಾರ್ನ್‌ಫ್ಲೋರಿನಲ್ಲಿ ಹೊರಳಿಸಬೇಕು. ಒಂದು ಸಲ ಕರಿದು, ತೆಗೆದು, ಆರಲು ಬಿಟ್ಟು, ಎಣ್ಣೆ ಜಾಸ್ತಿ ಕಾಯಿಸಿ ಮತ್ತೊಂದು ಸಲ ಕರಿಯಬೇಕು. ಎರಡು ಸಲ ಕರಿಯುವುದೇ ಅದರ ಗುಟ್ಟಂತೆ. ಮೇಲೆ ಹಚ್ಚುವ ಕೆಂಪು ಕಾರ ಮಾತ್ರ ಅವರ ದೇಶದ್ದೇ ಬೇಕೆಂದಳು ಆ ವಿಡಿಯೋದ ಹೆಂಗಸು. ಬಳ್ಳಾರಿಯಲ್ಲಿ ಹುಟ್ಟಿ ಕಾರಕ್ಕೆ ಇನ್ನೊಂದು ದೇಶದ ಮುಂದೆ ಕೈ ಒಡ್ಡುವುದೇ? ಬ್ಯಾಡಗಿ ಮೆಣಸಿನಕಾಯಿ ನೆನೆಹಾಕಿ ರುಬ್ಬಿ, ಬೆಲ್ಲ, ಬೆಳ್ಳುಳ್ಳಿ, ಸೋಯಾ ಸಾಸು, ವಿನಿಗರ್ ಸೇರಿಸಿ ಕುದಿಸಿದೆ. ಬಣ್ಣ ಅದೇ ಬಂತು. ರುಚಿ? ಅದನ್ನು ನೋಡುವಂತಿರಲಿಲ್ಲವಲ್ಲ. ಸಾಸಿನಲ್ಲಿ ಮಾಂಸವಿಲ್ಲ, ನೆಕ್ಕಬಹುದಿತ್ತೋ ಏನೋ. ಆದರೆ ಕೋಳಿಯ ಸೌಟೇ ಅದರಲ್ಲಿ ಆಡಿತ್ತು. ಬಸವಣ್ಣನ ಮುಂದೆ ವಕೀಲಿ ಮಾಡುವ ಧೈರ್ಯ ನನಗಿಲ್ಲ.

ಹೀಗಾಗಿ ನನ್ನ ನಾಲಿಗೆಯ ಕೆಲಸ ಯಜಮಾನರ ಪಾಲಿಗೆ ಬಂತು. ಅವರು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಬಟ್ಟೆಯಲ್ಲಿ ಒಂದು ನೂಲು ಆಚೀಚೆಯಾದರೂ ಹಿಡಿಯುವ ಮನುಷ್ಯ. ಊಟದಲ್ಲಿ ಮಾತ್ರ ಏನೂ ಹಿಡಿಯುವುದಿಲ್ಲ. ಹಿಂದೊಮ್ಮೆ ಉಪ್ಪು ಹಾಕುವುದನ್ನೇ ಮರೆತ ಸಾರನ್ನು ಎರಡು ಸಲ ಬಡಿಸಿಕೊಂಡು ಉಂಡು ಎದ್ದಿದ್ದರು. ಕೆಲಸಕ್ಕೆ ಹೊರಟವರನ್ನು ಹಿತ್ತಲಿಗೆ ಕರೆದು ಒಂದು ತುಂಡು ಕೊಟ್ಟೆ.

“ಉಪ್ಪು ಸರಿ ಐತೇನ್ರಿ?”

“ಐತಿ.”

“ಕಾರ?”

“ಅದೂ ಐತಿ.”

“ಏನಾರ ಕಮ್ಮಿ ಜಾಸ್ತಿ ಹೇಳ್ರಿ. ಮಗಳು ತಿನ್ನೋದು.”

ಅವರು ಸ್ವಲ್ಪ ಯೋಚಿಸಿ, “ಒಂದೇ ತುಂಡು ಕೊಟ್ಟಿ. ಅದೊಂದು ಕಮ್ಮಿ,” ಎಂದರು.

ಇವರನ್ನು ಕೇಳಿ ಪ್ರಯೋಜನವಿಲ್ಲವೆಂದು ನಾನು ಕಿವಿಯನ್ನು ನಂಬಿದೆ. ಚಮಚದಿಂದ ತುಂಡನ್ನು ಬಡಿದರೆ ಟಕ್ ಟಕ್ ಎಂದಿತು, ಬಾಗಿಲು ತಟ್ಟಿದ ಹಾಗೆ. ಕಣ್ಣಲ್ಲಿ ನೀರು ಬಂತು. ಬೇಗ ಬೇಗ ಸ್ಟೀಲ್ ಡಬ್ಬಿಗೆ ತುಂಬಿದೆ, ಸಾಸನ್ನು ಬೇರೆ ಡಬ್ಬಿಗೆ ಹಾಕಿದೆ. ಕರಿದ ಮಾಂಸ ಊರು ದಾಟುವಾಗ ಗಾಳಿ ಸೋಕಬಾರದೆಂದು ಜೊತೆಗೆ ಒಂದು ಇದ್ದಿಲಿನ ಚೂರು ಇಡುವುದು ನಮ್ಮ ಅಜ್ಜಿಯ ಕಾಲದಿಂದ ಬಂದ ರೂಢಿ. ತಿನ್ನುವವಳು ಬಸುರಿ ಬೇರೆ. ಒಂದರ ಬದಲು ಎರಡು ಚೂರು ಇಟ್ಟು, ಯಾರ ಕಣ್ಣೂ ಬೀಳದಂತೆ ಬಿಸಿಬಿಸಿಯಾಗಿಯೇ ಮುಚ್ಚಳ ಒತ್ತಿ, ಮೇಲೆ ಟವೆಲ್ ಸುತ್ತಿ, ಗಂಟು ಹಾಕಿದೆ. ಇಷ್ಟು ಜೋಪಾನ ಮಾಡಿದ್ದೇ ಮುಳುವಾಯಿತು ಎಂಬುದು ಈಗ ತಿಳಿದಿದೆ. ಆಗ ನಾನು ಬಹಳ ಜಾಣೆ ಎಂದುಕೊಂಡಿದ್ದೆ.

ಬಸ್ಸಿನಲ್ಲಿ ವಾಸನೆ ಗಂಟನ್ನು ದಾಟಿತು. ದಾರಿಯಲ್ಲಿ ಮೋಕ ಊರು ಬರುವ ಹೊತ್ತಿಗೆ ಮೂರು ಸೀಟು ಮುಂದಿನವರೂ ತಿರುಗಿ ನೋಡತೊಡಗಿದರು. ಪಕ್ಕದ ಅಜ್ಜಿ ನನ್ನ ಹಣೆಯ ಮೂರು ಬೆರಳಿನ ವಿಭೂತಿಯನ್ನೂ ತೊಡೆಯ ಮೇಲಿನ ಗಂಟನ್ನೂ ನೋಡಿ, “ಯವ್ವಾ, ಈ ಬಸ್ಸಿನ್ಯಾಗ ಯಾರೋ ಕೋಳಿ ತಂದಾರ ನೋಡು,” ಎಂದಳು. “ಹೌದಬೇ, ಯಾರೋ ಏನೋ,” ಎಂದು ನಾನು ಕಿಟಕಿಯ ಕಡೆ ಮುಖ ಮಾಡಿದೆ. ಮಾಂಸ ಮುಟ್ಟದ ಹರಕೆಯೇನೋ ಹೊತ್ತಿದ್ದೆ. ಸುಳ್ಳು ಹೇಳದ ಹರಕೆ ಹೊತ್ತಿರಲಿಲ್ಲ.

ವಿದ್ಯಾ ಬಾಗಿಲಲ್ಲೇ ನಿಂತಿದ್ದಳು. ಮದುವೆಯಲ್ಲಿ ಸೋಪು ಹಚ್ಚಿ ಏರಿಸಿದ ಅಳತೆಯ ಬಳೆಗಳು, ನನ್ನನ್ನು ಕಂಡು ಕೈ ಎತ್ತಿದರೆ ಮೊಣಕೈವರೆಗೆ ಜಾರಿದವು. ನಾನು ನೋಡದವಳಂತೆ ಗಂಟು ಬಿಚ್ಚಿದೆ. ಮುಚ್ಚಳದ ಒಳಗಿನಿಂದ ನೀರು ತೊಟ್ಟಿಕ್ಕಿತು. ಅವಳು ಆಸೆಯಿಂದ ಒಂದು ತುಂಡು ತೆಗೆದು ಕಡಿದಳು. ಸಪ್ಪಳವಿಲ್ಲ. ಇನ್ನೊಮ್ಮೆ ಕಡಿದಳು. ಇಲ್ಲ. ಒಂದೂವರೆ ತಾಸು ತನ್ನ ಹಬೆಯಲ್ಲೇ ಕುಳಿತ ಕೋಳಿ ಇಡ್ಲಿಯಂತಾಗಿತ್ತು. ತುಂಡನ್ನು ಮೆಲ್ಲಗೆ ಕೆಳಗಿಟ್ಟು, “ಬೈಬ್ಯಾಡವ್ವಾ, ಮೆತ್ತಗಾದದ್ದು ಒಳಗ ಹೋಗವಲ್ದು,” ಎಂದು ಅತ್ತಳು. ಬೈಯುವ ಸ್ಥಿತಿಯಲ್ಲಿ ನಾನೆಲ್ಲಿದ್ದೆ?

ಅಷ್ಟರಲ್ಲಿ ಹಂಪಮ್ಮನವರು ಒಳಗಿನಿಂದ ಬಂದು ಡಬ್ಬಿಗೆ ಕೈ ಹಾಕಿದರು. ಇದ್ದಿಲಿನ ಚೂರೇ ಸಿಕ್ಕಿತು. ಎತ್ತಿ ಬೆಳಕಿಗೆ ಹಿಡಿದು, “ಅಕ್ಕಾರ, ಇದೊಂದು ತುಂಡು ಬಾಳ ಕರದೀರಿ. ಉಳಿದವಕ್ಕ ಎಣ್ಣಿ ತೋರಿಸೇ ಇಲ್ಲೇನು?” ಎಂದರು. ಅವರು ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ನಡೆದರು.

“ಅಕ್ಕಾರ, ಬಯಕಿ ಅಡಿಗಿ ಅದು. ತವರ ಒಲಿ ಬಿಟ್ಟು ನಿಮ್ಮ ಒಲಿ ಮ್ಯಾಲೆ...” ಎಂದು ಹಿಂದೆಯೇ ಓಡಿದೆ.

“ಯಾಕ, ನನ್ನ ಒಲಿಗೆ ಏನ್ ರೋಗ ಬಂದೈತಿ? ಹುಡುಗಿ ಹಸಗೊಂಡು ಕುಂತಾಳ, ನೀವು ಒಲಿ ಯಾರದು ಅಂತ ಕೇಳಾಕತ್ತೀರಿ. ಸರೀರಿ ಅತ್ತಾಗ.”

ನಾನು ಸರಿದೆ. ಅವರು ತುಂಡುಗಳನ್ನು ಬಟ್ಟೆಯ ಮೇಲೆ ಹರಡಿ ಒರೆಸಿ, ಮೇಲಿಷ್ಟು ಅಕ್ಕಿಹಿಟ್ಟು ಉದುರಿಸಿದರು. ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ ಹೊಗೆಯಾಡುವಷ್ಟು ಕಾದ ಮೇಲೆ ಒಂದೊಂದೇ ಬಿಟ್ಟರು. ಸಾಸಿನ ಡಬ್ಬಿಗೆ ಬೆರಳದ್ದಿ ನೆಕ್ಕಿ, “ಉಪ್ಪು ಮುಂದಾಗೈತಿ,” ಎಂದು ಬೆಲ್ಲ ಬಿಸಿನೀರು ಕೂಡಿಸಿದರು. ಸಪ್ಪಳ ಕೇಳಿ ವಿದ್ಯಾ ತಾನಾಗಿ ಹಿತ್ತಲಿಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಕಡಿದಳು. ಕರಂ ಎಂದಿತು. ಮತ್ತೊಂದು ಕೇಳಿದಳು. ಎಣಿಸಬಾರದೆಂದರೂ ಎಣಿಸಿದೆ, ಏಳು ತುಂಡು. ಆಮೇಲೆ ನಾವಿಬ್ಬರು ಬೀಗತಿಯರೂ ಬಚ್ಚಲ ಬಾಗಿಲನ್ನೇ ನೋಡುತ್ತ ಅರ್ಧ ತಾಸು ಉಸಿರು ಬಿಗಿಹಿಡಿದು ಕುಳಿತೆವು. ಅವಳು ಎದ್ದು ಆ ಕಡೆ ಹೋಗಲಿಲ್ಲ. ಕಟ್ಟೆಯ ಮೇಲೆಯೇ ಅತ್ತೆಯ ತೊಡೆಗೆ ತಲೆಯಿಟ್ಟು ನಿದ್ದೆ ಹೋದಳು. ಹಂಪಮ್ಮನವರು ಎಣ್ಣೆ ಕೈ ತಾಗದಂತೆ ಮೊಣಕೈಯಿಂದಲೇ ಅವಳ ಕೂದಲು ಸರಿಸಿದರು. ಇಂಥ ಮನೆ ಸಿಕ್ಕಿತಲ್ಲ ಎಂದು ನನ್ನ ಹೊಟ್ಟೆ ತಣ್ಣಗಾಯಿತು.

ಸಂಜೆ ಅಳಿಯಂದಿರು ಗಿರಣಿಯಿಂದ ಬಂದಾಗ ನಾನು ಹೊರಡಲು ಸಿದ್ಧಳಾಗಿದ್ದೆ. ವಿದ್ಯಾ ಮುಖ ಅರಳಿಸಿಕೊಂಡು ಗಂಡನಿಗೆ ಹೇಳಿದಳು: “ಇವತ್ತು ಅತ್ತಿ ಕೊರಿಯನ್ ಚಿಕನ್ ಮಾಡಿದ್ರು ರೀ! ಏನ್ ಗರಿಗರಿ ಅಂತೀರಿ!”

ಹಂಪಮ್ಮನವರು ನನ್ನ ಕಡೆ ನೋಡಿದರು. ನಾನು ಚಪ್ಪಲಿ ಹುಡುಕಿದೆ.

ಮರಳಿ ಬರುವಾಗ ಬಸ್ಸಿನಲ್ಲೇ ಕುರುಗೋಡಿನ ದಿಕ್ಕಿಗೆ ತಿರುಗಿ ಕೈಮುಗಿದೆ. ಮಗಳ ಹೊಟ್ಟೆಯಲ್ಲಿ ಅನ್ನ ನಿಲ್ಲಿಸಿದೆಯಪ್ಪಾ, ನನಗೆ ಇನ್ನೇನೂ ಬೇಡ ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಾಗಲಿಲ್ಲ. ಮೊದಲಿನ ಎರಡು ಸಲ ಕರಿದವಳು ನಾನು, ಅದು ನಿನಗಾದರೂ ಗೊತ್ತಿರಲಿ ಎಂದು ಸೇರಿಸಿದೆ.