ಓತಿಕ್ಯಾತಕ್ಕೆ ಇಟ್ಟ ಹೆಸರು

ನಮ್ಮ ಸೋದರಮಾವನಿಗೆ ಮನುಷ್ಯರಿಗಿಂತ ಓತಿಕ್ಯಾತಗಳೇ ಹತ್ತಿರದ ನೆಂಟರು. ಉತ್ಪ್ರೇಕ್ಷೆ ಎನ್ನುತ್ತೀರಾ? ಮದುವೆಯ ದಿನ ಚಪ್ಪರದ ಗೂಟದ ಮೇಲೆ ಓತಿ ಕಂಡದ್ದೇ ತಡ, ಬಾಸಿಂಗದ ಸಮೇತ ಅದರ ಹಿಂದೆ ಓಡಿದವರು! "ನನ್ ಮೊಕಕ್ಕಿಂತ ಮೊದ್ಲು ಅದರ ಮೊಕ ನೋಡವ್ರೆ ಕಣಪ್ಪ" ಎಂದು ಅತ್ತೆ ಕೊನೆಯವರೆಗೂ ಗೊಣಗುತ್ತಿದ್ದರು. ನಮ್ಮೂರು ಮಿಡಿಗೇಶಿಗೆಲ್ಲ ಅವರು ಓತಿ ಮಾವ. ಅವರಿಗೆ ಬೇರೆ ಹೆಸರೊಂದಿದೆ ಎಂಬುದೇ ನನಗೆ ಹೊಳೆದಿರಲಿಲ್ಲ. ಈಗ ಒಪ್ಪಿಕೊಳ್ಳಬೇಕಾದ ತಪ್ಪೂ ಅದೇ.

ಈ ಹುಚ್ಚು ಹಿಡಿಸಿದವನು ಒಬ್ಬ ಬಿಳಿ ದೊರೆ. ದೇಶದೇಶ ಅಲೆದು ಪ್ರಾಣಿ, ಪಕ್ಷಿ, ಹುಳಹುಪ್ಪಟೆಗಳನ್ನು ಬರೆದಿಡುತ್ತಿದ್ದ ಪಂಡಿತ. ಮಾವ ಹರೆಯದಲ್ಲಿ ಅವನೊಡನೆ ಕೋಟೆ ಬೆಟ್ಟ ಸುತ್ತಿ, ಬಂಡೆಯ ಬಿರುಕಿನಿಂದ ಯಾರೂ ಕಂಡಿರದ ಒಂದು ಓತಿ ಹಿಡಿದುಕೊಟ್ಟರಂತೆ. "ಇದಕ್ಕೆ ನಿನ್ನ ಹೆಸರೇ ಇಡುತ್ತೇನೆ" ಎಂದು ದೊರೆ ಕೈ ಕುಲುಕಿದನಂತೆ.

ಎಷ್ಟೋ ವರ್ಷಗಳ ಮೇಲೆ ಮಧುಗಿರಿಯ ಹಳೇ ಬಂಗಲೆಯಲ್ಲಿ ಆ ದೊರೆಯ ನೆನಪಿಗೆ ಒಂದೇ ಕೋಣೆಯ ವಸ್ತುಸಂಗ್ರಹಾಲಯ ತೆರೆಯಿತು. ಮಾವ ಹೊಸ ರುಮಾಲು ಸುತ್ತಿ, ಇಂಗ್ಲಿಷ್ ಬಲ್ಲ ನನ್ನನ್ನು ಎಳೆದುಕೊಂಡು ಹೊರಟರು. ಕಾವಲುಗಾರ ಬಾಗಿಲಲ್ಲೇ ನಮ್ಮ ಚಪ್ಪಲಿ ಬಿಡಿಸಿದ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಏನಿತ್ತು? ದೊರೆಯ ಬೂಟು! ಮೂಲೆಯ ಸೀಸೆಯಲ್ಲಿ ಮಾವನ ಓತಿ.

"ಚೀಟಿ ಓದ್ಲಾ. ನನ್ನೆಸ್ರು ಐತಾ?"

ಉದ್ದನೆಯ ಹೆಸರಿನ ಬಾಲದಲ್ಲಿ ಎಂ, ಯು, ಡಿ, ಡಿ, ಎ, ಐ. "ಮುದ್ದೆ ಅಂತೈತೆ ಮಾವ! ದೊರೆಗೆ ಹಸಿವಾಗಿತ್ತೇನೋ!" ಕಾವಲುಗಾರ ಹೊಟ್ಟೆ ಹಿಡಿದು ನಕ್ಕ.

"ಸರಿಯಾಗಿ ನೋಡ್ಲಾ."

"ಹೈಸ್ಕೂಲು ಓದಿರೋದು ನಾನಾ, ನೀವಾ?"

ಮಾವ ಸೀಸೆಯನ್ನೇ ನೋಡುತ್ತ ನಿಂತರು. "ಹೋಗ್ಲಿ ಬುಡು" ಎಂದರು. ಅಂದಿನಿಂದ ಬೆಟ್ಟ ಹತ್ತಲಿಲ್ಲ.

ಆರು ವರ್ಷದ ನಂತರ ಜನಗಣತಿ ಬರೆಯುತ್ತ ಅವರ ಮನೆಗೇ ಹೋದೆ. ಯಜಮಾನರ ಹೆಸರು? ಅತ್ತೆ ಗಂಡನ ಹೆಸರು ಹೇಳುವುದುಂಟೇ! ಸೆರಗು ಬಾಯಿಗಿಟ್ಟು, "ದಿನಾ ಸಾರಲ್ಲಿ ಅದ್ಕೊಂಡು ಉಣ್ಣಲ್ವೇನಪ್ಪ... ಅದಕ್ಕೆ ಅಯ್ಯ ಸೇರಿಸ್ಕೊ" ಎಂದರು.

ಮುದ್ದೆ. ಅಯ್ಯ. ಮುದ್ದಯ್ಯ!

ಲೇಖನಿ ಅಲ್ಲೇ ನಿಂತಿತು. ಚೀಟಿಯಲ್ಲಿದ್ದುದು ಮುದ್ದೆಯಲ್ಲ, ಮುದ್ದೈ; ಪಂಡಿತರ ಭಾಷೆಯಲ್ಲಿ ಮುದ್ದಯ್ಯನದು ಎಂದು. ದೊರೆ ಸರಿಯಾಗಿಯೇ ಬರೆದಿದ್ದ, ಓದಿದವನು ನಾನು.

ಜಗಲಿಯಲ್ಲಿ ಕೂತಿದ್ದ ಮಾವನ ಕಾಲು ಹಿಡಿದು ಎಲ್ಲ ಹೇಳಿದೆ. ಬೈಗುಳಕ್ಕೆ ಕಾದೆ. ಅವರ ಕಣ್ಣು ತುಂಬಿತು.

"ಅಯ್ಯೋ, ಮಾತಿಗೆ ತಪ್ಪಿದೋನು ಅಂತ ಆ ಪುಣ್ಯಾತ್ಮನ್ನ ಆರು ವರ್ಷ ಬೈಕೊಂಡ್ನಲ್ಲೋ!" ಎಂದು ಮಧುಗಿರಿಯ ಕಡೆ ತಿರುಗಿ ಗಲ್ಲ ಗಲ್ಲ ಬಡಿದುಕೊಂಡರು.

ಏಟು ತಿನ್ನಬೇಕಾದ ನನ್ನ ಗಲ್ಲ ಎದುರಿಗೇ ಇತ್ತು. ಅದನ್ನು ಮೆಲ್ಲಗೆ ಸವರಿದರು.