ಫಿಲ್ಟರಿಗೆ ನಿಂಬೆಹಣ್ಣು

ನಮ್ಮ ಸೋದರಮಾವನಿಗೆ ತಲೆ ಸರಿಯಿಲ್ಲ ಎಂದು ನಾನು ಹೇಳಿದರೆ ನೀವು ನಂಬಬೇಕಾಗಿಲ್ಲ. ಶಿಕಾರಿಪುರದಲ್ಲಿ ಯಾರನ್ನಾದರೂ ಕೇಳಿ ನೋಡಿ! ಬೆಂಡೆಕಾಯಿಗೂ ಚೌಕಾಸಿ ಮಾಡುವ ಮನುಷ್ಯ, ಯಾರೋ ಸಾಹುಕಾರರು ಹತ್ತಿ ಇಳಿದು ಬೇಸತ್ತು ಮಾರಿದ ಹಳೆಯ ಕಾರೊಂದನ್ನು ಕೊಂಡು ತಂದ. ಸರಿ, ತಂದ. ಅದರಲ್ಲಿ ಹೋಗುವುದಾದರೂ ಎಲ್ಲಿಗೆ? ಸೊರಬಕ್ಕೆ, ಹೆಂಡತಿಯ ತವರಿಗೆ, ಅಷ್ಟೆ. ತನ್ನ ಅಂಗಡಿಗೆ ನಡೆದು ಹೋಗುತ್ತಿದ್ದ. ಶಿವಮೊಗ್ಗಕ್ಕೆ ಬಸ್ಸಿನಲ್ಲಿ!

"ಮನ್ಯಾಗ ಕಾರು ಇಟ್ಕಂಡು ಬಸ್ ಯಾಕೆ ಮಾವ?" ಎಂದರೆ, "ಬಸ್ಸಿನಾಗ ನಂಗೇನೂ ಆಗಂಗಿಲ್ಲಪ್ಪ" ಎನ್ನುತ್ತಿದ್ದ. ಇದೂ ಒಂದು ಉತ್ತರವೇ? ಮೇಷ್ಟ್ರ ಕೆಲಸ ಸಿಕ್ಕಿ ಅವನ ಮನೆಯಲ್ಲೇ ಉಳಿದಿದ್ದ ನನಗೆ ದಿನವೂ ಇಂಥದ್ದೇ ಗೊಂದಲ.

ಆ ಕಾರಿನ ಜೀವವೆಲ್ಲ ಇದ್ದದ್ದು ಪೆಟ್ರೋಲ್ ಫಿಲ್ಟರಿನಲ್ಲಿ. ಟ್ಯಾಂಕಿನಿಂದ ಬರುವ ಕಸ ತಡೆಯಲು ಇಂಜಿನ್ನಿನ ಪಕ್ಕ ಒಂದು ತಗಡಿನ ಬಟ್ಟಲು, ಅದರೊಳಗೊಂದು ಜಾಲರಿ. ಬಟ್ಟಲು ಯಾವುದು, ತುಕ್ಕು ಯಾವುದು ಎಂದು ತಿಳಿಯದಷ್ಟು ತುಕ್ಕು ಹಿಡಿದಿತ್ತು. ಸೊರಬದ ದಾರಿಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿ ನಿಂತೇ ನಿಲ್ಲುವುದು. "ಫಿಲ್ಟರ್ ಕಟ್ಟಿತು!" ಎಂದು ಮಾವ ಇಳಿದು ಬಾನೆಟ್ ಎತ್ತುವುದು. ಮುಂದಿನ ಸೀಟಿನಿಂದ ಅತ್ತೆಯೂ ನೀರಿನ ಚೊಂಬು ಹಿಡಿದು ಇಳಿದು ಅದರ ಮರೆಗೆ ಹೋಗುವುದು. ಹೌದು, ಮುಂದಿನ ಸೀಟು! ಗಂಡನ ಪಕ್ಕದಲ್ಲಿ! ಊರು ಆಡಿಕೊಳ್ಳದೆ ಬಿಟ್ಟೀತೇ?

"ನೀರು ಕೊಡಾಕ ಒಬ್ರು ಬೇಕಲ್ರೀ. ಕ್ಲೀನರ್ ಇಟ್ಕಳಾಕ ನಾನೇನು ಬಸ್ ಮಾಲೀಕನಾ?" ಎಂದು ಮಾವ ಕೇಳಿದವರ ಬಾಯಿ ಮುಚ್ಚಿಸುತ್ತಿದ್ದ. ಜೇಬಿನಲ್ಲಿ ಸದಾ ನಿಂಬೆಹಣ್ಣು ಬೇರೆ. ಯಾಕೆಂದರೆ, "ತುಕ್ಕಿಗೆ ನಿಂಬೆಹಣ್ಣು ರಾಮಬಾಣ ಕಣೋ." ಹೊಸ ಫಿಲ್ಟರ್ ಹಾಕಿಸು ಎಂದರೆ ಮಾತ್ರ, "ಹಳೇದ್ರ ಗುಣ ಹೊಸಾದಕ್ಕ ಬರಂಗಿಲ್ಲ" ಎನ್ನುವನು. ತುಕ್ಕಿಗೂ ಗುಣವಿರುತ್ತದೆಯೇ ಸ್ವಾಮಿ?

ಹೀಗಿರುವಾಗ ಸೊರಬದಲ್ಲಿ ಅತ್ತೆಯ ತಮ್ಮನಿಗೆ ಗಂಡುಮಗುವಾಯಿತು. ತೊಟ್ಟಿಲ ಕಾರ್ಯದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ನಮ್ಮ ಅತ್ತೆಗೆ ಅದೊಂದೇ ಧ್ಯಾನ. ಮುಹೂರ್ತಕ್ಕೆ ಸರಿಯಾಗಿ ತಲುಪದಿದ್ದರೆ ಆ ಹಕ್ಕು ಬೇರೆಯವರ ಪಾಲು. ಈ ಹಾಳು ಫಿಲ್ಟರನ್ನು ನಂಬಿ ಹೊರಡುವುದೇ? ಶಿವಮೊಗ್ಗದಿಂದ ಹೊಸದೊಂದನ್ನು ತಂದು, ಮಾವ ಅಂಗಡಿಯಲ್ಲಿದ್ದಾಗ ಗಾಡಿ ರಿಪೇರಿಯ ಮೇಸ್ತ್ರಿಯನ್ನು ಕರೆಸಿದೆ.

ಹಳೆಯದರ ನಟ್ಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ, ತಟ್ಟಿ, ಕೊನೆಗೆ ಬಿಚ್ಚಿದ ಮೇಸ್ತ್ರಿ ಕಣ್ಣು ಕಿರಿದು ಮಾಡಿದ. "ಮ್ಯಾಲೆಲ್ಲ ತುಕ್ಕು, ಒಳಗ ಜಾಲರಿ ಚೊಕ್ಕ ಐತಲ್ರೀ! ಗಾಡಿ ಯಾಕ ನಿಲ್ತೈತಿ?" ನನಗೇನು ಗೊತ್ತು! ಹೊಸದನ್ನು ಕೂರಿಸಿ, ವಾಷರ್ ಹಾಕಿ ಬಿಗಿಸಿದೆ.

ಸಂಜೆ ವಿಷಯ ತಿಳಿದ ಮಾವ ಹಿಗ್ಗುವನೆಂದುಕೊಂಡರೆ, ಅವನ ಮುಖ ಹುಳ್ಳಗಾಯಿತು. "ಯಾರು ಹೇಳಿದ್ರೋ ನಿಂಗ? ಹಳೇದೆಲ್ಲಿ?"

"ತಿಪ್ಪೆಗೆ ಎಸೆದೆ."

ಮಾವ ಪಂಚೆ ಎತ್ತಿಕಟ್ಟಿ ತಿಪ್ಪೆ ಕೆದಕಿ, ಆ ತುಕ್ಕಿನ ಬಟ್ಟಲನ್ನು ಹುಡುಕಿ ತಂದು, ಒರೆಸಿ ಟವೆಲ್ಲಿನಲ್ಲಿ ಸುತ್ತಿಟ್ಟ! ಈಗ ಹೇಳಿ, ತಲೆ ಸರಿಯಿದೆಯೇ?

ಮರುದಿನ ಬೆಳಿಗ್ಗೆ ಹೊರಟೆವು. ಹಿಂದಿನ ಸೀಟಿನಲ್ಲಿ ನನ್ನ ಜೊತೆ ದೊಡ್ಡಮ್ಮ, ಅಂದರೆ ಮಾವನ ಅಕ್ಕ. ಉಡುತಡಿಯ ಕಡೆ ಬಂದರೂ ಗಾಡಿ ನಿಲ್ಲಲಿಲ್ಲ. "ನೋಡಿದ್ಯಾ ದೊಡ್ಡಮ್ಮ, ಹೊಸಾ ಫಿಲ್ಟರ್!" ಎಂದು ನಾನು ಬೀಗುತ್ತಿದ್ದರೆ, ಮಾವ ಬೆವರು ಒರೆಸಿಕೊಳ್ಳುತ್ತ ಪದೇಪದೇ ಅತ್ತೆಯ ಕಡೆ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಗಾಡಿ ನಿಂತಿತು.

"ಫಿಲ್ಟರ್ ಕಟ್ಟಿತು!"

"ಹೊಸಾದು ಮಾವ!"

"ಹೊಸಾದಕ್ಕ ಇನ್ನೂ ದಾರಿ ಗೊತ್ತಿಲ್ಲ!" ಎಂದವನೇ ಬಾನೆಟ್ ಎತ್ತಿದ. ಅತ್ತೆ ಚೊಂಬು ಹಿಡಿದು ಇಳಿದಳು.

ನನಗೆ ತಡೆಯಲಾಗಲಿಲ್ಲ. ಇಳಿದು ದುಡುದುಡು ಮುಂದೆ ಹೋದೆ. ಬಾನೆಟ್ಟಿನ ಮರೆಯಲ್ಲಿ ಅತ್ತೆ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಮಾವ ಒಂದು ಕೈಯಲ್ಲಿ ಅವಳ ಹಣೆ ಹಿಡಿದಿದ್ದ, ಇನ್ನೊಂದರಲ್ಲಿ ಚೊಂಬು. ಅವಳ ಮುಷ್ಟಿಯಲ್ಲಿತ್ತು ನಿಂಬೆಹಣ್ಣು.

"ಅಕ್ಕಗ ಗೊತ್ತಾಗಬಾರ್ದು ಕಣೋ," ಎಂದ ಮಾವ, ಪಿಸುದನಿಯಲ್ಲಿ. "ಮತ್ತೆ ಕುಬಸದ ಸೀರೆ ತರ್ತಾಳ."

ಆಗ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಅತ್ತೆ ಬಸ್ಸಿನಿಂದಿಳಿದು ಸೊರಬದಲ್ಲಿ ಎಲ್ಲರೆದುರು ವಾಂತಿ ಮಾಡಿಕೊಂಡಿದ್ದಳಂತೆ. ಜೊತೆಗಿದ್ದ ದೊಡ್ಡಮ್ಮ ಬಸುರಿಯೆಂದೇ ತಿಳಿದು ಸಕ್ಕರೆ ಹಂಚಿ, ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ ತಂದೇಬಿಟ್ಟಿದ್ದಳು. ಆಗಿದ್ದದ್ದು ಬಸ್ಸಿನ ತಲೆಸುತ್ತು ಮಾತ್ರ. ಮಾವ ಅತ್ತೆಗೆ ಆಮೇಲೂ ಮಕ್ಕಳಾಗಲಿಲ್ಲ. ಆ ಸೀರೆ ಮಡಿಕೆ ಬಿಚ್ಚದೆ ಟ್ರಂಕಿನ ತಳದಲ್ಲಿತ್ತು. ಬಸ್ಸು ಬೇಕೆಂದಲ್ಲಿ ನಿಲ್ಲುವುದಿಲ್ಲ. ಸ್ವಂತ ಕಾರು ನಿಲ್ಲುತ್ತದೆ.

"ಏನಾತೋ ನಿನ್ನ ಹೊಸಾ ಫಿಲ್ಟರಿಗೆ?" ದೊಡ್ಡಮ್ಮ ಕಾರಿನೊಳಗಿಂದ ಕೂಗಿದಳು.

"ಮೋಸ ಹೋದೆ ದೊಡ್ಡಮ್ಮ! ಕಳಪೆ ಮಾಲು ಕೊಟ್ಟಾರ!" ಎಂದೆ.

ಸೊರಬ ಹತ್ತಿರವಾದಾಗ ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡಳು. ಈ ಸಲ ಮಾವನಿಗಿಂತ ಮೊದಲೇ ನಾನು, "ಮಾವ, ಫಿಲ್ಟರ್ ಕಟ್ಟಿತು ನೋಡು!" ಎಂದೆ. ಆದರೂ ಮುಹೂರ್ತಕ್ಕೆ ತಲುಪಿದೆವು. ಮುಖ ತೊಳೆದು ಕುಂಕುಮ ತಿದ್ದಿಕೊಂಡ ಅತ್ತೆ ತೊಟ್ಟಿಲಿಗೆ ಬಗ್ಗಿ ಹೆಸರು ಹೇಳಿದಳು. ಅಲ್ಲಿದ್ದವರಿಗೆಲ್ಲ ದೊಡ್ಡಮ್ಮ ನನ್ನ ಪೆದ್ದು ವ್ಯಾಪಾರದ ಕಥೆ ಹೇಳುತ್ತಿದ್ದಳು. ಬೇರೆ ಯಾವ ಕಥೆಗೂ ಅವಳಿಗೆ ಬಿಡುವಿರಲಿಲ್ಲ.

ಊರಿಗೆ ಮರಳಿದ ಮೇಲೆ ಮಾವನ ಟವೆಲ್ ಬಿಚ್ಚಿ, ತುಕ್ಕಿನ ಬಟ್ಟಲನ್ನು ಮೇಸ್ತ್ರಿಯ ಬಳಿ ಒಯ್ದೆ. "ಇದನ್ನೇ ಮತ್ತೆ ಹಾಕು."

"ಹೊಸಾದು ಚಲೋ ಐತಲ್ರೀ ಮೇಷ್ಟ್ರೇ?"

"ಅದಕ್ಕೇ ತೆಗಿ ಅಂದೆ."

ನಮ್ಮ ಮನೆತನದಲ್ಲಿ ಯಾರಿಗೂ ತಲೆ ಸರಿಯಿಲ್ಲ ಎಂದು ಮೇಸ್ತ್ರಿ ಆಮೇಲೆ ಊರೆಲ್ಲ ಹೇಳಿಕೊಂಡು ಬಂದನಂತೆ. ನಾನು ಇಲ್ಲವೆನ್ನಲು ಹೋಗಲಿಲ್ಲ.