ಮಾವನ ಫೋಟೋಗಳಿಗೆ ನಾನು ಚೆಕ್ಕರ್

ಒಂದು ಫೋಟೋಗೆ ಎರಡು ಸಹಿ ಬೇಕು ಎಂದು ನಂಬಿರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ದುರದೃಷ್ಟವಶಾತ್ ಅವರು ನನ್ನ ಸೋದರಮಾವ. ಅದಕ್ಕಿಂತ ದೊಡ್ಡ ದುರದೃಷ್ಟ, ಆ ಎರಡನೇ ಸಹಿ ನನ್ನದು!

ಮಾವ ಎರ್ನಾಕುಲಂನ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಬ್ಯಾಂಕಿನಲ್ಲಿ ಒಬ್ಬರು ಎಂಟ್ರಿ ಹಾಕಬೇಕು, ಇನ್ನೊಬ್ಬರು ನೋಡಿ ಪಾಸ್ ಮಾಡಬೇಕು. ಮೊದಲಿನವರು ಮೇಕರ್, ಎರಡನೆಯವರು ಚೆಕ್ಕರ್. ಒಬ್ಬನೇ ಎರಡೂ ಆದರೆ ಕೆಲಸಕ್ಕೆ ಸಂಚಕಾರ. ಆ ನಿಯಮ ಮಾವನ ರಕ್ತಕ್ಕೆ ಎಷ್ಟು ಇಳಿದಿದೆ ಎಂದರೆ, ಸಾರಿಗೆ ಉಪ್ಪು ಸಾಕೇ ಎಂದು ಅತ್ತೆ ಕೇಳಿದರೂ "ಇನ್ನೊಬ್ಬರನ್ನೂ ಕೇಳು" ಅನ್ನುತ್ತಾರೆ. ಅಂಥವರು ಐವತ್ತೈದನೇ ವಯಸ್ಸಿನಲ್ಲಿ ಡಿಜಿಟಲ್ ಕ್ಯಾಮೆರಾ ಕೊಂಡರು. ಅದೇ ಹೊತ್ತಿಗೆ ನನಗೆ ಅದೇ ಊರಿನ ಪಕ್ಕದ ಕಾಕ್ಕನಾಡಿನಲ್ಲಿ ಕೆಲಸ ಸಿಕ್ಕಿ, ಮೈಸೂರಿನಿಂದ ಪೆಟ್ಟಿಗೆ ಹೊತ್ತು ಕಲೂರಿನ ಅವರ ಫ್ಲಾಟಿಗೆ ಬಂದಿಳಿದೆ. ಬಂದ ಸಂಜೆಯೇ ನೇಮಕಾತಿ ಆಯಿತು.

"ನಾನು ಮೇಕರ್. ನೀನು ಚೆಕ್ಕರ್. ನೀನು ಬೇಡ ಅಂದ್ರೆ ಡಿಲೀಟ್. ಸರೀನಾ?"

ನನ್ನ ಅರ್ಹತೆ ಏನು ಎಂದು ಕೇಳುತ್ತೀರಾ? ಮಿಮಿಕ್ರಿ! ನಮ್ಮ ಆಫೀಸಿನ ಮ್ಯಾನೇಜರು ಕೆಮ್ಮುವುದನ್ನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತೇನೆ. ಅತ್ತೆ ತರಕಾರಿಯವನ ಜೊತೆ ಆಡುವ ಮುರುಕು ಮಲಯಾಳ, ಲಿಫ್ಟಿನ ಹೆಣ್ಣುದನಿ, ಎಲ್ಲವೂ ಕರಗತ. ನನ್ನ ಸ್ವಂತ ದನಿ ಯಾವುದು ಎಂದು ಮಾತ್ರ ಕೇಳಬೇಡಿ. ಅದನ್ನು ಕೊನೆಯ ಸಲ ಬಳಸಿದ್ದು ಬಹುಶಃ ಹುಟ್ಟಿದಾಗ ಅಳುವುದಕ್ಕೆ.

ಮಾವನಿಗೆ ಬೇಕಾಗಿದ್ದುದು ಒಂದೇ. ತಿರುವನಂತಪುರದ ಒಂದು ಛಾಯಾಗ್ರಾಹಕರ ಸಂಘ ವರ್ಷಕ್ಕೊಮ್ಮೆ ಪ್ರದರ್ಶನ ನಡೆಸುತ್ತದೆ. ಅಲ್ಲಿ ತಮ್ಮದೊಂದು ಫೋಟೋ ತೂಗಬೇಕು. ಎರಡು ವರ್ಷ ಕಳಿಸಿದರು, ಎರಡು ವರ್ಷವೂ ಬಹಳ ಸಭ್ಯವಾದ ತಿರಸ್ಕಾರ ಬಂತು.

"ಇಪ್ಪತ್ತೆರಡು ವರ್ಷ ಈ ಊರಲ್ಲಿದೀನಿ ಕಣೋ," ಎಂದರು ಒಂದು ದಿನ. "ಅಷ್ಟೂ ವರ್ಷ ಬೇರೆಯೋರ ಕಾಗದಕ್ಕೆ ಸಹಿ ಹಾಕಿದೆ. ಇದು ನಾನು ನೋಡಿದ್ದು ಅಂತ ಒಂದು, ಒಂದೇ ಒಂದು, ಗೋಡೆ ಮೇಲೆ ಬರ್ಲಿ. ಈ ಸಲ ಆಗ್ಲಿಲ್ಲ ಅಂದ್ರೆ ಕ್ಯಾಮೆರಾ ಮಾರಿಬಿಡ್ತೀನಿ. ಸಾಲದ ವಿಭಾಗದ ಥಾಮಸ್‌ಗೆ ಮಾತು ಕೊಟ್ಟಾಗಿದೆ."

ಬ್ಯಾಂಕಿನವರು ಕೊಟ್ಟ ಮಾತು! ಕಂತು ತಪ್ಪಬಹುದು, ಮಾತು ತಪ್ಪುವುದಿಲ್ಲ.

ಹಾಗಾಗಿ ಕಲಿಕೆ ಜೋರಾಗಿ ನಡೆಯಿತು. ಆನ್‌ಲೈನ್ ತರಗತಿಯಲ್ಲಿ ಚೌಕಟ್ಟನ್ನು ಒಂಬತ್ತು ಮನೆ ಮಾಡಿ ನೋಡಬೇಕೆಂದು ಹೇಳಿಕೊಟ್ಟರು. ಮಾವ ಬಾಲ್ಕನಿಗೆ ಅಡ್ಡ ಎರಡು, ಉದ್ದ ಎರಡು ದಾರ ಕಟ್ಟಿ, ಕುರ್ಚಿ ಹಾಕಿಕೊಂಡು ಕಲೂರನ್ನು ಒಂಬತ್ತು ಭಾಗ ಮಾಡಿದರು. ಅತ್ತೆ ಆ ದಾರದ ಮೇಲೆ ಟವೆಲ್ ಒಣಹಾಕಿದರು.

"ಏನೇ ಇದು, ನನ್ನ ಕಂಪೋಸಿಷನ್ನು!"

"ಬಲಗಡೆ ಮನೇಲೇ ಹಾಕಿದೀನಿ. ನಡೂಮಧ್ಯ ಹಾಕ್ಬಾರ್ದು ಅಂತ ನೀವೇ ಹೇಳಿದ್ರಲ್ಲ," ಎಂದರು ಅತ್ತೆ.

ಐಎಸ್ಒ, ಅಂದರೆ ಕ್ಯಾಮೆರಾ ಬೆಳಕು ಹೀರುವ ಅಳತೆ, ಅದರ ವಿಷಯದಲ್ಲಂತೂ ಮಾವ ಕಟ್ಟುನಿಟ್ಟು. ಕತ್ತಲಾದರೆ ಅದನ್ನು ಏರಿಸಬೇಕಂತೆ. ಅದನ್ನವರು ಬಡ್ಡಿದರ ಎಂದು ತಿಳಿದರು. ಮೇಲಿನಿಂದ ಆದೇಶವಿಲ್ಲದೆ ಏರಿಸುವುದು ಹೇಗೆ? ಮೊದಲ ಆರು ತಿಂಗಳು ನಮ್ಮ ಮನೆಯ ಎಲ್ಲ ಹಬ್ಬಗಳೂ ಅಮಾವಾಸ್ಯೆಯಲ್ಲೇ ನಡೆದಂತೆ ಬಂದಿವೆ. ಗಣೇಶನ ಹಬ್ಬದ ಫೋಟೋದಲ್ಲಿ ಕಾಣುವುದು ಎರಡೇ: ದೀಪ ಮತ್ತು ಅತ್ತೆಯ ಸಿಟ್ಟು.

ಇನ್ನು ನಾನು! ಫೋಟೋಗಿಂತ ನನ್ನ ತಿರಸ್ಕಾರವೇ ಮನೆಯಲ್ಲಿ ಹೆಚ್ಚು ಜನಪ್ರಿಯ. ಒಂದು ಬೆಳಗ್ಗೆ ಫೋರ್ಟ್ ಕೊಚ್ಚಿಗೆ ಹೋದೆವು. ಇಡೀ ಜಗತ್ತು ಅಲ್ಲಿನ ಚೀನೀ ಮೀನುಬಲೆಗಳ ಫೋಟೋ ತೆಗೆಯುತ್ತಿತ್ತು. ಮಾವ ಮಾತ್ರ ಬಲೆಯ ಮರದ ತೊಲೆಗೆ ಯಾರೋ ಬೆಸ್ತರು ನೇತುಹಾಕಿದ್ದ ಊಟದ ಡಬ್ಬಿಯ ಮುಂದೆ ಮುಕ್ಕಾಲು ಗಂಟೆ ಮಂಡಿಯೂರಿ ಕೂತರು. ಆಮೇಲೆ ಪರದೆ ನನ್ನ ಮೂಗಿಗೆ ಹಿಡಿದರು.

"ಏನಂತೀಯೋ?"

ನಾನು ನಮ್ಮ ಮ್ಯಾನೇಜರ ಕೆಮ್ಮು ಕೆಮ್ಮಿ, ಅವರದೇ ದನಿಯಲ್ಲಿ, "ಡಬ್ಬಿ ಚೆನ್ನಾಗಿದೆ. ಒಳಗಡೆ ಮೀನಿನ ಸಾರು ಫೋಕಸ್ ಆಗಿಲ್ಲ. ರಿಜೆಕ್ಟೆಡ್!" ಎಂದೆ.

ಮಾವ ನಕ್ಕರು. ನಗುತ್ತಲೇ ಡಿಲೀಟ್ ಒತ್ತಿದರು.

ಮತ್ತೊಂದು ಭಾನುವಾರ ವಿಲ್ಲಿಂಗ್ಡನ್ ಐಲ್ಯಾಂಡ್. ಬಂದರಿನ ಕಡೆ ಕ್ಯಾಮೆರಾ ತಿರುಗಿಸಕೂಡದು ಎಂದು ಕಾವಲಿನವರು ಗದರಿದರು. ನಿಯಮ ಎಂದ ಮೇಲೆ ಮುಗಿಯಿತು, ಮಾವ ಹಡಗಿಗೆ ಬೆನ್ನು ಹಾಕಿ ನಿಂತರು. ಎದುರಿಗೆ ಸರದಿಗೆ ಕಾದ ಲಾರಿಗಳ ಸಾಲು. ಒಂದೊಂದು ಲಾರಿಯ ಕಿಟಕಿಯಿಂದಲೂ ಮಲಗಿದ ಡ್ರೈವರನ ಎರಡೆರಡು ಪಾದ ಆಚೆ ಬಂದಿದ್ದವು. ಹನ್ನೊಂದು ಲಾರಿ, ಇಪ್ಪತ್ತೆರಡು ಪಾದ. ಮಾವ ಉಸಿರು ಬಿಗಿಹಿಡಿದು ತೆಗೆದರು.

"ಕೊಚ್ಚಿಗೆ ಬಂದು ಹಿಮ್ಮಡಿ ತೆಗೆದ ಮೊದಲ ಮನುಷ್ಯ ನೀವೇ ಮಾವ! ಮುಂದಿನ ವಾರ ಚಪ್ಪಲಿ ಅಂಗಡಿಗೆ ಹೋಗೋಣ," ಎಂದೆ. ಕಾವಲಿನವರಿಗೂ ಮಲಯಾಳದಲ್ಲಿ ಇದನ್ನು ಅಭಿನಯಿಸಿ ತೋರಿಸಿದೆ. ಅವರೂ ನಕ್ಕರು. ಡಿಲೀಟ್.

ಹಾಗಾದರೆ ನಾನು ಪಾಸ್ ಮಾಡಿದ್ದು ಯಾವುದನ್ನು? ಸೂರ್ಯಾಸ್ತ! ಮರೀನ್ ಡ್ರೈವಿನ ಸೂರ್ಯಾಸ್ತ, ಬಲೆಯ ಹಿಂದೆ ಸೂರ್ಯಾಸ್ತ, ದೋಣಿಯ ಮೇಲೆ ಸೂರ್ಯಾಸ್ತ. ಸೂರ್ಯಾಸ್ತದ ಬಗ್ಗೆ ತಮಾಷೆ ಹೊಳೆಯುವುದಿಲ್ಲ, ನೋಡಿ. ಅದೂ ಅಲ್ಲದೆ ಆ ಹೊತ್ತಿಗೆ ನನಗೆ ಹಸಿವಾಗಿರುತ್ತಿತ್ತು. "ಪಾಸ್, ಪಾಸ್, ನಡೀರಿ ಮನೆಗೆ."

ಹೀಗೆ ಪಾಸಾದ ರಾಶಿಯಿಂದ ಹತ್ತನ್ನು ಆರಿಸಿದೆವು. ಈ ಸಲ ಆಯ್ಕೆಗೆ ಚಿತ್ರಗಳನ್ನು ಕೈಯಾರೆ ತಂದು ತೋರಿಸಬಹುದು ಎಂದು ಸಂಘದವರು ಹೇಳಿದ್ದರು. ಮಾವ ರಜೆ ಹಾಕಿ, ಮದುವೆಗೆ ಹೊಲಿಸಿದ್ದ ಅಂಗಿ ತೊಟ್ಟು, ಮುಂಜಾನೆಯ ರೈಲು ಹತ್ತಿದರು. ಜೊತೆಗೆ ಚೆಕ್ಕರ್ ಇರಲೇಬೇಕಲ್ಲ!

ತಿರುವನಂತಪುರದ ಆ ಸಂಘದ ಹಾಲ್‌ನಲ್ಲಿ ಆಯ್ಕೆಗೆ ಕೂತಿದ್ದವರು ಒಬ್ಬ ಬೆಳ್ಳಿಕೂದಲಿನ ಹೆಂಗಸು. ಹತ್ತೂ ಚಿತ್ರಗಳನ್ನು ಮೇಜಿನ ಮೇಲೆ ಹರಡಿ, ನಿಧಾನವಾಗಿ, ಗೌರವದಿಂದ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಸಾರ್, ತಂತ್ರ ಎಲ್ಲ ಇದೆ. ಬೆಳಕು ಸರಿ, ಚೌಕಟ್ಟು ಸರಿ," ಎಂದರು, ನಮಗೆ ತಿಳಿಯಲೆಂದು ಬಿಡಿಸಿ ಬಿಡಿಸಿ ಮಲಯಾಳದಲ್ಲಿ. "ಆದರೆ ಇವನ್ನೆಲ್ಲ ನಾನು ಈ ಮೊದಲೇ ನೋಡಿದ್ದೇನೆ. ನೀವೇ ನೋಡಿದ್ದು ಇದರಲ್ಲಿ ಎಲ್ಲಿದೆ?"

ಮಾವ ನನ್ನ ಕಡೆ ತಿರುಗಿದರು. ದೂರುವುದಕ್ಕಲ್ಲ. ಲೆಡ್ಜರಿನ ಒಂದು ಹಾಳೆ ಎಲ್ಲಿಟ್ಟೆ ಎಂದು ಕೇಳುವಂತೆ, ಅಷ್ಟೇ.

ನನ್ನ ಕಣ್ಣ ಮುಂದೆ ಇಪ್ಪತ್ತೆರಡು ಪಾದ ಸಾಲಾಗಿ ಬಂದು ನಿಂತವು. ಆ ಡಬ್ಬಿ ಬಂತು. ಇನ್ನೂ ಎಷ್ಟೋ. ಬ್ಯಾಂಕಿನ ಹೊರಗೆ ಒಂದಕ್ಕೊಂದು ಒರಗಿ ನಿಂತ ಒದ್ದೆ ಕೊಡೆಗಳು, ಟೋಕನ್ ಹಿಡಿದ ಮುದುಕಿಯ ಹೆಬ್ಬೆರಳು. ಎಲ್ಲವೂ ನಾನು ಒಂದೊಂದು ನಗುವಿಗೆ ಮಾರಿದವು. ಹಾಲ್‌ನಲ್ಲಿ ನಗಿಸಲು ಹತ್ತು ಜನರಿದ್ದರು, ನನ್ನ ಬಾಯಿಗೆ ಅನುಕರಿಸಲು ಒಬ್ಬರ ದನಿಯೂ ಬರಲಿಲ್ಲ.

ಮಧ್ಯಾಹ್ನದ ರೈಲಿನಲ್ಲಿ ಮಾವ ಕಿಟಕಿಯ ಪಕ್ಕ ಕೂತು, ತೆಗೆದುಕೊಂಡ ಪಳಂಪೊರಿಯ ಬಾಳೆಹಣ್ಣು ಬಿಟ್ಟು ಬರೀ ಹಿಟ್ಟಿನ ಹೊದಿಕೆ ತಿನ್ನುತ್ತಿದ್ದರು. ಮನಸ್ಸು ಎಲ್ಲೋ ಇತ್ತು. ಕೊಲ್ಲಂ ದಾಟುವವರೆಗೂ ನಾನು ತಡೆದೆ.

"ಮಾವ, ಅವೆಲ್ಲ ಚೆನ್ನಾಗಿದ್ವು. ನಾನು ಬರೀ ನಗ್ಸೋಕೆ ಅಂತ ಬೇಡ ಅಂದೆ."

"ಹೂಂ."

"ಬೈಯ್ರಿ ಮಾವ."

"ಪಾಸ್ ಮಾಡ್ದೋನು ನೀನು. ಎಂಟ್ರಿ ಹಾಕ್ದೋನು ನಾನು," ಎಂದರು. "ತಪ್ಪಾದ್ರೆ ಇಬ್ರಿಗೂ ಮೆಮೋ ಕಣೋ. ನಂಗೆ ಹಿಡಿಸಿದ್ದನ್ನ ಉಳಿಸ್ಕೊಳ್ಳೋ ಧೈರ್ಯ ನಂಗಿರ್ಬೇಕಿತ್ತು. ಇರ್ಲಿಲ್ಲ. ಥಾಮಸ್‌ಗೆ ಸೋಮವಾರ ಕೊಟ್ಬಿಡ್ತೀನಿ, ಬಿಡು."

ಬಿಡು ಅಂದರೆ ಬಿಡುವುದು ಹೇಗೆ? ಎದುರು ಸೀಟಿನ ವಯಸ್ಸಾದ ಅಮ್ಮಚ್ಚಿಯೊಬ್ಬರು ನೋಡುತ್ತಿದ್ದಂತೆಯೇ ನಾನು ಅಳತೊಡಗಿದೆ. ಯಾರ ಅಳುವಿನ ಅನುಕರಣೆಯೂ ಅಲ್ಲ. ಬಾಯಿ ಸೊಟ್ಟಗೆ, ಮೂಗು ಸೋರುತ್ತಾ, ಹಂದಿಮರಿ ಸದ್ದಿನಲ್ಲಿ. ಅಷ್ಟರಲ್ಲಿ ಕ್ಲಿಕ್ ಎಂದಿತು.

"ಮಾವ! ಡಿಲೀಟ್ ಮಾಡಿ, ಪ್ಲೀಸ್!"

ಮಾವ ಪರದೆಯನ್ನು ಬಹಳ ಹೊತ್ತು ನೋಡಿದರು. ನನಗೆ ತೋರಿಸಲಿಲ್ಲ. ಕ್ಯಾಮೆರಾ ಆಫ್ ಮಾಡಿ ಚೀಲಕ್ಕೆ ಹಾಕಿ ಜಿಪ್ ಎಳೆದರು.

ಸೋಮವಾರ ಕ್ಯಾಮೆರಾ ಥಾಮಸ್ ಅವರ ಮನೆಗೆ ಹೋಯಿತು. ಬೇಡವೆಂದು ನಾನು ಕಾಲು ಹಿಡಿದರೂ ಹೋಯಿತು. ಮೆಮರಿ ಕಾರ್ಡು ಮಾತ್ರ ಮನೆಯಲ್ಲಿ ಉಳಿಯಿತು. ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರ್ ಹಾಕಿ ಒಂದು ವಾರ ಹುಡುಕಿದೆ. ಪಾದಗಳಿಲ್ಲ, ಡಬ್ಬಿಯಿಲ್ಲ. ಅವುಗಳ ಮೇಲೆ ಸಾವಿರಾರು ಸೂರ್ಯಾಸ್ತ ಬಂದು ಕೂತಿದ್ದವು, ಪ್ರತಿಯೊಂದೂ ನಾನೇ ಪಾಸ್ ಮಾಡಿದ್ದು.

ಮುಂದಿನ ಭಾನುವಾರ ಎದ್ದು ಬಂದಾಗ ಮಾವ ಸ್ಟೂಲ್ ಹತ್ತಿ ಊಟದ ಮೇಜಿನ ಎದುರಿನ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಅತ್ತೆ ಕೆಳಗಿನಿಂದ ಸ್ಟೂಲ್ ಹಿಡಿದಿದ್ದರು. ಮೇಜಿನ ಮೇಲಿದ್ದ ಚೌಕಟ್ಟಿನಲ್ಲಿ ರೈಲಿನಲ್ಲಿ ಅತ್ತ ನನ್ನ ಮುಖ: ಅಲುಗಿದೆ, ಓರೆಯಾಗಿದೆ, ನಟ್ಟನಡುವೆ ಇದೆ, ಒಂದು ಕಿವಿ ಕತ್ತರಿಸಿ ಹೋಗಿದೆ. ಪಕ್ಕದಲ್ಲಿ ಅಮ್ಮಚ್ಚಿಯ ಕೈ, ನನಗೆ ಕೊಡಲು ಚಾಚಿದ ಕರ್ಚೀಫು. ಆ ಕರ್ಚೀಫನ್ನು ನಾನು ಅವತ್ತು ನೋಡಿರಲೇ ಇಲ್ಲ.

"ನೆಟ್ಟಗಿದ್ಯೇನೇ?" ಎಂದು ಫೋಟೋ ತೂಗುಹಾಕಿ ಇಳಿದ ಮಾವ ಅತ್ತೆಯನ್ನು ಕೇಳಿದರು.

"ಮೊಳೆ ನೆಟ್ಟಗಿದೆ," ಎಂದರು ಅತ್ತೆ, ಸೆರಗಿನಿಂದ ಗಾಜು ಒರೆಸುತ್ತಾ.

ಫೋಟೋ ಹೇಗಿದೆ ಎಂದು ಮಾವ ನನ್ನನ್ನು ಕೇಳಲಿಲ್ಲ.